ಮಾವ ಇಲ್ಲದ ಹೊತ್ತಲ್ಲಿ ಸೋರುವ ಮನೆ

ನನ್ನ ಗಂಡನಿಗೆ ಸುಮ್ಮನೆ ಕೂರುವುದೊಂದು ಬಿಟ್ಟು ಉಳಿದೆಲ್ಲ ಕೆಲಸವೂ ಅರ್ಧಂಬರ್ಧ ಬರುತ್ತದೆ. ಏನೂ ಬಾರದವನ ಜೊತೆ ಹೇಗೋ ಏಗಬಹುದು, ಅರ್ಧ ಬರುವವನ ಜೊತೆ ಏಗುವುದು ಕಷ್ಟ ಎಂದು ಮದುವೆಯಾದ ಹೊಸತರಲ್ಲೇ ನನಗೆ ಗೊತ್ತಾಯಿತು. ಆಗ ಇವರು ಬಾಗಿಲಿನ ಕರೆಗಂಟೆ ರಿಪೇರಿ ಮಾಡಿದ್ದರು. ಅವತ್ತಿನಿಂದ ಅದು ಯಾರೂ ಒತ್ತದಿದ್ದಾಗ ಹೊಡೆದುಕೊಳ್ಳುತ್ತದೆ, ಒತ್ತಿದಾಗ ಬಾಯಿ ಮುಚ್ಚಿಕೊಂಡಿರುತ್ತದೆ. ನಾವು ಯಾರೋ ಬಂದರೆಂದು ಓಡುತ್ತೇವೆ, ನಿಜವಾಗಿ ಬಂದವರು ಬಾಗಿಲು ಬಡಿದು ಬಡಿದು ವಾಪಸ್ ಹೋಗುತ್ತಾರೆ.

ಇಂಥವರನ್ನು ನಮ್ಮ ಬೀದಿಯ ನಿವಾಸಿಗಳ ಸಂಘದವರು ಜಲ ಕಾರ್ಯದರ್ಶಿ ಮಾಡಿಬಿಟ್ಟರು. ಸಭೆಯಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲವಂತೆ, ಇವರು ಎರಡೂ ಕೈ ಎತ್ತಿದರಂತೆ. ಅಲ್ಲಿಂದಾಚೆ ಬೀದಿಯವರೆಲ್ಲ ಇವರನ್ನು ‘ವಾಟರ್ ಸಾಹೇಬ್ರು’ ಅಂತಲೇ ಕರೆಯುವುದು. ಅವರೆಲ್ಲ ತಮಾಷೆಗೆ ಕರೆಯುತ್ತಾರೆ, ಇವರು ಪದವಿ ಅಂದುಕೊಂಡಿದ್ದಾರೆ. ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುವವರ ಕಿಟಕಿಯ ಕೆಳಗೆ ನಿಂತು ಕೆಮ್ಮುವುದು ಇವರ ಬೆಳಗಿನ ಡ್ಯೂಟಿ. ನೀರಿನ ಇಲಾಖೆಯವರು ಮನೆ ಮನೆಗೂ ಹೊಸ ಮೀಟರು ಹಾಕಿ ಹೋದಾಗಲಂತೂ ಪೇಂಟಿನ ಡಬ್ಬ ಹಿಡಿದು ಹೊರಟರು. ಬೀದಿಯ ಅಷ್ಟೂ ಮೀಟರಿನ ಮುಚ್ಚಳದ ಮೇಲೆ ತಾವೇ ಮನೆ ನಂಬರು ಬರೆದು ಬಂದು, ಸೊಂಟ ಹಿಡಿದುಕೊಂಡು ಎರಡು ದಿನ ಮಲಗಿದರು. ಯಾರೂ ಬರೆಯಿರಿ ಅಂತ ಹೇಳಿರಲಿಲ್ಲ.

ನಮ್ಮದು ಜೋಡಿ ಮನೆ. ಒಂದೇ ಗೋಡೆ, ಈಚೆ ನಾವು, ಆಚೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಎರಡೂ ಮನೆಯ ಮೀಟರು ಗೇಟಿನ ಹತ್ತಿರ ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಕೂತಿವೆ. ಮೇಷ್ಟ್ರು ದಿನಾ ಬೆಳಿಗ್ಗೆ ಪೈಪು ಹಿಡಿದು ಕಲಿಕೆಯ ಕಾರನ್ನು ತೊಳೆಯುತ್ತಾರೆ. ಆ ಕಾರು ಹಿಂದಿನ ದಿನವೆಲ್ಲ ಏನು ಪಾಪ ಮಾಡಿತ್ತೋ ಎನ್ನುವ ಹಾಗೆ ತೊಳೆಯುತ್ತಾರೆ. ನನ್ನ ಗಂಡ ಕಿಟಕಿಯಲ್ಲಿ ನಿಂತು ಹಲ್ಲು ಕಡಿಯುತ್ತಾರೆ.

ಇನ್ನು ನಮ್ಮಪ್ಪ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅವರು ‘ಹೋಲ್ಡಾನ್’ ಅಂದರೆ ಅವರ ಬಸ್ಸಷ್ಟೇ ಅಲ್ಲ, ಹಿಂದೆ ಬರುತ್ತಿದ್ದ ಲಾರಿಯೂ ನಿಲ್ಲುತ್ತಿತ್ತು. ಅಮ್ಮ ಹೋದ ಮೇಲೆ ಡಿಪೋದ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದು ಅಲ್ಲೇ ಇದ್ದರು. ಬಾ ಎಂದು ಕರೆದಾಗೆಲ್ಲ, “ಮಗಳ ಮನೇಲಿ ಹೋಗಿ ಝಂಡಾ ಊರೋದು ನನ್ನ ಕೈಲಾಗಲ್ಲಮ್ಮ” ಅನ್ನುತ್ತಿದ್ದರು. ನಾನು ಬೇಡಿಕೊಂಡು, ಜಗಳವಾಡಿ, ಮಾತು ಬಿಟ್ಟು, ಕೊನೆಗೊಮ್ಮೆ ಅವರ ಕೋಣೆಯಲ್ಲೇ ಕೂತು ಅತ್ತು ಈ ಸಲ ಕರೆದುಕೊಂಡು ಬಂದಿದ್ದೆ. ಅವರು ನಮ್ಮ ಜೊತೆ ಉಳಿಯಬೇಕು. ನನಗೆ ಬೇಕಾಗಿದ್ದುದು ಅದೊಂದೇ. ಒಮ್ಮೆ ಮುನಿಸಿಕೊಂಡು ಹೋದರೆ ಮತ್ತೆ ನಮ್ಮ ಹೊಸ್ತಿಲು ತುಳಿಯುವ ಆಸಾಮಿಯಲ್ಲ ಅವರು.

ಅಪ್ಪ ಬಂದು ಮನೆಗೆ ಒಗ್ಗಿಕೊಳ್ಳುತ್ತಿದ್ದಾರೆ ಅನ್ನುವಷ್ಟರಲ್ಲಿ ಮೀಟರ್ ಓದುವವನು ಬಂದ.

ಹೊಸ ಮೀಟರು ಹಾಕಿದ ಮೇಲೆ ಅದೇ ಮೊದಲ ಓದು. ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು. ಅವರ ಪಕ್ಕ ಮೇಷ್ಟ್ರು, ಎದುರುಮನೆ ದೊಡ್ಡಮ್ಮ, ಹಾದಿಹೋಕರು ಒಂದಿಬ್ಬರು. ಬೀದಿಯಲ್ಲೇ ಕಡಿಮೆ ನೀರು ಬಳಸುವ ಮನೆ ಯಾವುದು ಎಂದು ಎಲ್ಲರ ಎದುರು ತಿಳಿಯಲಿ ಅಂತ ಇವರೇ ಅವರನ್ನೆಲ್ಲ ಕರೆದಿದ್ದರು. ಮೀಟರಿನವನು ಗುಂಡಿಗೆ ಬಗ್ಗಿದ, ನಂಬರು ನೋಡಿದ, ಮುಚ್ಚಳ ಎತ್ತಿದ, ಗಾಜು ಒರೆಸಿದ. ಎದ್ದು ನಿಂತು ಇವರ ಮುಖ ನೋಡಿದ. ಮತ್ತೆ ಬಗ್ಗಿದ.

“ಏನಾಯ್ತಪ್ಪ?” ಅಂದರು ಇವರು.

“ಇಲ್ಲ ಸಾರ್, ಕಣ್ಣು ಕಟ್ಟಿತೇನೋ ಅಂತ ಇನ್ನೊಂದ್ಸಲ ನೋಡಿದೆ. ಈ ಬೀದೀಲಿ ಎಲ್ಲರಿಗಿಂತ ಜಾಸ್ತಿ ಖರ್ಚಾಗಿರೋದು ನಿಮ್ಮನೇದೇ.”

ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ಆಕಾಶ ನೋಡತೊಡಗಿದರು. ಇವರು, “ಹಾಗಾದ್ರೆ ಇವರದ್ದೆಷ್ಟು?” ಎಂದು ಮೇಷ್ಟ್ರ ಕಡೆ ಕೈ ತೋರಿಸಿದರು, ಮುಳುಗುವವನಿಗೆ ಇನ್ನೊಬ್ಬ ಮುಳುಗುವವನ ಜೊತೆಯಾದರೂ ಸಿಗಲಿ ಎಂದು.

“ಅವರದ್ದಾ? ಎಲ್ಲರಿಗಿಂತ ಕಮ್ಮಿ.”

“ಕಾರು ತೊಳೀತಾರಲ್ರೀ!”

“ನಾವು ಹನಿ ಹನಿ ಲೆಕ್ಕ ಹಾಕಿ ಬಳಸೋದು ಸಾಹೇಬ್ರೆ,” ಅಂದರು ಮೇಷ್ಟ್ರು. ಆ ಮನುಷ್ಯನಿಗೂ ಆಶ್ಚರ್ಯವಾಗಿತ್ತು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ಹೊಗಳಿಕೆ ತಾನಾಗಿ ಬಂದು ಹೆಗಲೇರಿದಾಗ ಯಾರು ಕೆಳಗಿಳಿಸುತ್ತಾರೆ?

ಮೀಟರಿನವನು ಪಾಪ, ಸಮಾಧಾನ ಮಾಡಲು ಕೇಳಿದ. “ಮನೇಲಿ ಜನ ಜಾಸ್ತಿ ಆಗಿದ್ದಾರಾ ಸಾರ್ ಇತ್ತೀಚೆಗೆ?”

“ಹೂಂ... ನಮ್ಮಾವ ಬಂದಿದ್ದಾರೆ.”

“ಹಾಗಾದ್ರೆ ಅದೇ ಬಿಡಿ.”

ಇವರು “ಹೂಂ” ಅಂದರು. ಇವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಏನೂ ಇರಲಿಲ್ಲ. ಆದರೆ ಅಪ್ಪ ಕಿಟಕಿಯ ಒಳಗೆ ಕೂತು ಪೇಪರು ಓದುತ್ತಿದ್ದರು. ಪೇಪರು ಸ್ವಲ್ಪ ಕೆಳಗಿಳಿಯಿತು, ಮತ್ತೆ ಮೇಲೇರಿತು. ಅವತ್ತು ರಾತ್ರಿ ಊಟವಾದ ಮೇಲೆ ಅವರು ಅರ್ಧ ಲೋಟ ನೀರು ಕುಡಿದು ಉಳಿದದ್ದನ್ನು ಮುಚ್ಚಿಟ್ಟರು. ನಾನು ದಡ್ಡಿ, ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ತನಿಖೆ ಶುರುವಾಯಿತು. ಇವರಿಗೆ ಲೈಬ್ರರಿಯಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಹೋದರಾಯಿತು. ಹಾಗಾಗಿ ಇಡೀ ಬೆಳಗು ದೇಶಕ್ಕೆ ಅರ್ಪಣೆ. ನಾನು ಅಂಚೆ ಕಚೇರಿಯ ಕೌಂಟರಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಕೈಯಲ್ಲಿ ತೊಳೆಯಬೇಕಾದ ಪಾತ್ರೆ ಇತ್ತು. ಇವರು ಬಂದು ನಲ್ಲಿ ನಿಲ್ಲಿಸಿದರು.

“ಯಾರೂ ನೀರು ಮುಟ್ಟಬಾರ್ದು. ಮಾವ, ನೀವೂ ಅಷ್ಟೆ, ದಯವಿಟ್ಟು. ಪರೀಕ್ಷೆ ನಡೀತಿದೆ.”

“ಯಾರಿಗೆ ಪರೀಕ್ಷೆ?” ಅಂದರು ಅಪ್ಪ.

“ಮನೆಗೆ ಮಾವ. ನೋಡಿ, ಮೀಟರಲ್ಲಿ ಕಪ್ಪು ಅಂಕಿ ಇರುತ್ತೆ, ಅದು ಸಾವಿರ ಲೀಟರಿನ ಲೆಕ್ಕ. ಕೆಂಪಂಕಿ ಚಿಲ್ಲರೆ. ಅದೆಲ್ಲಕ್ಕಿಂತ ಮುಖ್ಯ ಅಂದ್ರೆ ಮಧ್ಯದಲ್ಲಿ ಒಂದು ಪುಟಾಣಿ ಚಕ್ರ. ಒಂದು ಹನಿ ಹರಿದ್ರೂ ಅದು ತಿರುಗುತ್ತೆ. ಮನೇಲಿ ಎಲ್ಲಾ ನಲ್ಲಿ ಬಂದ್ ಮಾಡಿದ ಮೇಲೂ ತಿರುಗ್ತಾ ಇದ್ರೆ ಎಲ್ಲೋ ಸೋರ್ತಿದೆ ಅಂತಾನೇ ಅರ್ಥ.”

ಇದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನನ್ನ ಗಂಡ ಪೂರ್ತಿ ಸರಿಯಾಗಿ ಹೇಳಿದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು, ಮನೆ ಹಾಳಾಗಲು ಹೊರಟಿದ್ದೂ ಅದರಿಂದಲೇ.

ಇವರು ಹೋಗಿ ಗುಂಡಿಯ ಪಕ್ಕ ಬೋರಲು ಮಲಗಿದರು. ನಮ್ಮ ನಂಬರಿನ ಮುಚ್ಚಳ ಎತ್ತಿ ಮೂಗು ಗಾಜಿಗೆ ಮುಟ್ಟಿಸಿದರು. ಚಕ್ರ ಗಿರಗಿರ ತಿರುಗುತ್ತಿತ್ತು. ಇವರ ಹಿಂದೆ ಮಾರು ದೂರದಲ್ಲಿ ಮೇಷ್ಟ್ರು ಪೈಪು ಹಿಡಿದು ಕಾರಿಗೆ ನೀರು ಹೊಡೆಯುತ್ತ ನಿಂತಿದ್ದರು.

“ಏನ್ ವಾಟರ್ ಸಾಹೇಬ್ರೆ, ಈಜು ಕಲೀತಿದ್ದೀರಾ?”

“ಸ್ವಲ್ಪ ಸುಮ್ನಿರಿ ಸಾರ್, ಗಮನ ತಪ್ಪುತ್ತೆ,” ಅಂದು ಇವರು ಕಣ್ಣು ಇನ್ನಷ್ಟು ಕಿರಿದು ಮಾಡಿ ಚಕ್ರವನ್ನೇ ನೋಡಿದರು. ತಲೆ ಒಂದಿಷ್ಟು ತಿರುಗಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಲೆ ತಿರುಗಿಸುವ ಜಾತಿಯಲ್ಲ ಇವರದ್ದು.

ಸೋರಿಕೆ ಇದೆ ಅಂತ ಖಾತ್ರಿಯಾಯಿತು. ಎಲ್ಲಿ ಅನ್ನುವುದು ಮುಂದಿನ ಪ್ರಶ್ನೆ. ಶೌಚಾಲಯದ ಫ್ಲಶ್ ಟ್ಯಾಂಕು ಕದ್ದು ಸೋರುತ್ತದೆ, ಅದಕ್ಕೆ ಬಣ್ಣ ಹಾಕಿ ನೋಡಬೇಕು, ಕೆಳಗೆ ಬಣ್ಣ ಇಳಿದರೆ ಅಲ್ಲೇ ಕಳ್ಳ ಎಂದು ಯಾರೋ ಹೇಳಿದರಂತೆ. ಇವರು ಲೈಬ್ರರಿಯಿಂದ ನೀಲಿ ಶಾಯಿಯ ಬಾಟಲಿ ತಂದು ಟ್ಯಾಂಕಿಗೆ ಸುರಿದರು, ಇದೊಂದನ್ನು ಯಾರಿಗೂ ಹೇಳಲಿಲ್ಲ. ಗೊತ್ತಾದರೆ ಮನೆಯವರು ಹುಷಾರಾಗುತ್ತಾರಂತೆ! ಶಾಯಿ ಕೆಳಗಿಳಿಯಲಿಲ್ಲ. ಬದಲಿಗೆ ಎದುರುಮನೆ ದೊಡ್ಡಮ್ಮ ಬಂದರು. ನನ್ನ ಜೊತೆ ಹರಟುತ್ತ ಕೂತವರು ನಡುವೆ ಎದ್ದು ಒಳಗೆ ಹೋದರು. ಫ್ಲಶ್ ಎಳೆದ ಸದ್ದಾಯಿತು. ಆಮೇಲೆ ಎಷ್ಟು ಹೊತ್ತಾದರೂ ಸದ್ದಿಲ್ಲ. ಕೊನೆಗೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು, ಮುಖ ಬಿಳಿಚಿಕೊಂಡಿತ್ತು.

“ಏನಾಯ್ತು ದೊಡ್ಡಮ್ಮ?”

“ಏನಿಲ್ಲ ಕಣಮ್ಮ. ಹೊಸ ಮಾತ್ರೆ ಕೊಟ್ಟಿದ್ದಾರೆ ಬೀಪಿಗೆ. ಅದು ನಂಗೆ ಆಗ್ತಾ ಇಲ್ಲ ಅನ್ಸುತ್ತೆ,” ಅಂದವರೇ ಚಪ್ಪಲಿ ಎಡ ಬಲ ಬದಲಾಯಿಸಿ ಹಾಕಿಕೊಂಡು ಹೋದರು. ಆ ವಾರವೆಲ್ಲ ಆಸ್ಪತ್ರೆ ಅಲೆದು ಎಲ್ಲ ಪರೀಕ್ಷೆ ಮಾಡಿಸಿದರಂತೆ. ನೀಲಿ ಎಲ್ಲಿಂದ ಬಂತು ಎಂದು ತಿಳಿದ ದಿನ ನಮ್ಮ ಗೇಟಿನಲ್ಲಿ ನಿಂತು ನನ್ನ ಗಂಡನ ಹಿಂದಿನ ಮುಂದಿನ ಪೀಳಿಗೆಯನ್ನೆಲ್ಲ ತರಾಟೆಗೆ ತೆಗೆದುಕೊಂಡರು. ಇವರು ತಲೆ ತಗ್ಗಿಸಿ ಕೇಳಿ, ಕೊನೆಯಲ್ಲಿ, “ಆದ್ರೂ ದೊಡ್ಡಮ್ಮ, ಟ್ಯಾಂಕು ಸೋರ್ತಿಲ್ಲ ಅಂತ ಗೊತ್ತಾಯ್ತಲ್ಲ” ಅಂದರು. ಅವರು ಕೈಲಿದ್ದ ತರಕಾರಿ ಚೀಲ ಎತ್ತಿದರು, ನಾನು ಅಡ್ಡ ಬಂದೆ.

ಹೀಗೆ ಮನೆ ಮನೆಯಾಗಿ ಉಳಿಯಲಿಲ್ಲ. ಹಾಲು ಉಕ್ಕುತ್ತಿದ್ದರೂ ಇವರು ಮೀಟರಿಗೆ ಓಡುತ್ತಿದ್ದರು. ಊಟದ ನಡುವೆ ಎದ್ದು ಓಡುತ್ತಿದ್ದರು, ಮಾತಿನ ನಡುವೆ ಓಡುತ್ತಿದ್ದರು. ಒಂದು ಸಲ ವಿದೇಶದಲ್ಲಿರುವ ನನ್ನ ಅಣ್ಣ ಫೋನು ಮಾಡಿದ್ದಾಗ ಫೋನನ್ನು ಗುಂಡಿಯೊಳಗೆ ಹಿಡಿದು, “ಕೇಳಿಸ್ತಾ? ಕೇಳಿಸ್ತಾ?” ಎಂದು ಕೇಳಿದರು. ಅಣ್ಣ ನನಗೆ ಬೇರೆಯಾಗಿ ಫೋನು ಮಾಡಿ, ಭಾವನಿಗೆ ಹುಷಾರಿಲ್ವಾ ಅಂದ. ಬೆಳಗಿನ ಹೊತ್ತು ನಲ್ಲಿ ಮುಟ್ಟುವಂತಿಲ್ಲ ಎಂದು ನಿಯಮವಾಯಿತು. ಮುಖ ತೊಳೆಯದೆ ನಾನು ಕೌಂಟರಿನಲ್ಲಿ ಕೂತು ಜನರ ಮುಖ ನೋಡಬೇಕಾಯಿತು.

ಈ ಗದ್ದಲದಲ್ಲಿ ಅಪ್ಪ ಮಾತ್ರ ದಿನಾ ಶಾಂತವಾಗಿ ಕೈಚೀಲ ಹಿಡಿದು ವಾಕಿಂಗಿಗೆ ಹೊರಟುಬಿಡುತ್ತಿದ್ದರು. ನಾನು ಕೆಲಸಕ್ಕೆ ಹೋದ ಮೇಲೆ ಹೊರಟು, ಒಳ್ಳೆಯ ಹೊತ್ತು ಬಿಟ್ಟು ತಿರುಗಿ ಬರುತ್ತಿದ್ದರಂತೆ. ಬರುವಾಗ ತಲೆಗೂದಲು ಒದ್ದೆ. “ಎಷ್ಟು ಬೆವರ್ತಾರೆ ನೋಡು ನಿಮ್ಮಪ್ಪ, ಈ ವಯಸ್ಸಲ್ಲೂ ಏನು ನಡಿಗೆ!” ಎಂದು ಇವರು ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡೆ. ಅಪ್ಪ ಉತ್ಸಾಹದಲ್ಲಿದ್ದಾರೆ, ಈ ಊರು ಹಿಡಿಸಿದೆ, ಇಲ್ಲೇ ಉಳಿಯುತ್ತಾರೆ ಎಂದು ನನಗೆ ಒಳಗೊಳಗೇ ಖುಷಿ.

ಅಷ್ಟರಲ್ಲಿ ನನ್ನ ಗಂಡ ಒಂದು ಮಹತ್ತರ ಸಂಗತಿ ಪತ್ತೆ ಹಚ್ಚಿದರು. ಒಂದು ದಿನ ರಾತ್ರಿ ಊಟಕ್ಕೆ ಕೂತಾಗ, ತಟ್ಟೆ ಪಕ್ಕಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡು ಘೋಷಿಸಿದರು.

“ಮಾವ, ಒಂದು ಸಂತೋಷದ ಸುದ್ದಿ. ನಿಮ್ಮದೇನೂ ತಪ್ಪಿಲ್ಲ!”

ಅಪ್ಪ ತುತ್ತು ಕೈಯಲ್ಲೇ ಹಿಡಿದರು. “ಯಾವ ತಪ್ಪು?”

“ನೀರಿಂದು. ದಿನಾ ನೋಡ್ತಿದ್ದೀನಲ್ಲ, ನೀವು ಮನೇಲಿ ಇದ್ದಾಗ ಚಕ್ರ ಸುಮಾರಾಗಿ ತಿರುಗುತ್ತೆ. ನೀವು ವಾಕಿಂಗ್ ಹೋದ್ರಿ ಅನ್ನಿ, ಹುಚ್ಚು ಹಿಡಿದ ಹಾಗೆ ತಿರುಗುತ್ತೆ. ನೀವು ಇಲ್ಲದಾಗ್ಲೇ ಜಾಸ್ತಿ ಸೋರೋದು! ಅಂದ್ಮೇಲೆ ನೀವು ಕಾರಣ ಅಲ್ಲ ಅಂತ ಸಾಬೀತಾಯ್ತು!”

ನಾನು ಮೇಜಿನ ಕೆಳಗೆ ಇವರ ಕಾಲು ತುಳಿದೆ. ತುಳಿದದ್ದು ಮೇಜಿನ ಕಾಲು.

“ಹಾಗೋ,” ಅಂದರು ಅಪ್ಪ. “ಇಷ್ಟು ದಿನ ಅನುಮಾನ ಇತ್ತು ಅಂತಾಯ್ತು.”

“ಇತ್ತು ಮಾವ, ಸುಳ್ಳು ಯಾಕೆ ಹೇಳ್ಲಿ. ಈಗ ಚೂರೂ ಇಲ್ಲ.”

“ಸಂತೋಷ ಅಳಿಯಂದ್ರೆ,” ಅಂದು ಅಪ್ಪ ಊಟ ಮುಗಿಸಿ ಎದ್ದರು. ಕೈತೊಳೆಯುವಾಗ ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟುಕೊಂಡರು. ಆಮೇಲೆ ನನ್ನ ಹತ್ತಿರ ಬಂದು, ಬೇರೆ ಯಾರ ವಿಷಯವೋ ಹೇಳುವವರ ಹಾಗೆ ಹೇಳಿದರು. “ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಮ್ಮ. ಕೋಣೆ ಇನ್ನೂ ಬಿಟ್ಟಿಲ್ಲ ನಾನು. ಹೇಗೂ ಬೇಕಾಗುತ್ತೆ ಅಂತ ಗೊತ್ತಿತ್ತು.”

ನಾನು ಏನು ಹೇಳಿದರೂ ಕೇಳಲಿಲ್ಲ. ಯಾರ ಮೇಲೂ ಕೋಪವಿಲ್ಲ, ಅಲ್ಲಿ ಗೆಳೆಯರಿದ್ದಾರೆ, ಮಂಡಿಗೆ ಅಲ್ಲಿನ ಹವೆ ಒಗ್ಗುತ್ತದೆ ಅಂದರು. ಸೌಮ್ಯವಾಗಿ ಅಂದರು, ಅದೇ ನನ್ನ ಹೊಟ್ಟೆ ಉರಿಸಿದ್ದು. ಕೂಗಾಡಿದ್ದರೆ ನಾನೂ ಕೂಗಾಡಿ ಇರಿಸಿಕೊಳ್ಳುತ್ತಿದ್ದೆ.

ಕೋಣೆಗೆ ಹೋಗಿ ಗಂಡನಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇವರು ಹಾಸಿಗೆಯ ತುದಿಯಲ್ಲಿ ಕೂತು ಕಣ್ಣು ಕಣ್ಣು ಬಿಟ್ಟರು. “ನಾನು ಅವರನ್ನ ಖುಷಿಪಡಿಸೋಕೆ ಹೇಳಿದ್ದು ಕಣೇ!”

“ನಮ್ಮಪ್ಪ ಈ ಮನೆ ಬಿಟ್ಟು ಹೋದ್ರೆ ನಿಮ್ಮನ್ನ ಆ ಗುಂಡಿಗೇ ಹಾಕಿ ಮುಚ್ಚಳ ಮುಚ್ತೀನಿ. ನಿಮ್ಮ ಕೈಲೇ ಬರೆದ ನಂಬರಿರೋ ಮುಚ್ಚಳ!”

“ಹೋಗಲ್ಲ. ಸೋರಿಕೆ ಎಲ್ಲಿದೆ ಅಂತ ಕಣ್ಣಾರೆ ತೋರಿಸಿಬಿಟ್ರೆ ಅವರ ಮನಸ್ಸು ತಿಳಿಯಾಗುತ್ತೆ. ಭಾನುವಾರ ಮಧ್ಯಾಹ್ನದ ಒಳಗೆ ತೋರಿಸ್ತೀನಿ. ನಿನ್ನಾಣೆ.”

ನನ್ನ ಮೇಲೆ ಆಣೆ ಇಟ್ಟು ಮಾಡಿದ ಕೆಲಸ ಒಂದಾದರೂ ನೆಟ್ಟಗಾಗಿದ್ದರೆ ಕೇಳಿ.

ಭಾನುವಾರ ಬೆಳಿಗ್ಗೆ ಇವರು ‘ಪೈಪ್ ಡಾಕ್ಟ್ರ’ನ್ನು ಕರೆತಂದರು. ಪ್ಲಂಬರು. ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿಯನ್ನು ನೆಲಕ್ಕೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟು ಭೂಮಿಯೊಳಗಿನ ನೀರಿನ ಸದ್ದು ಕೇಳುತ್ತಾನೆ, ಅದಕ್ಕೇ ಆ ಹೆಸರು. ಮನೆಯೆಲ್ಲ ಸರಳು ಊರುತ್ತ ಬಂದ. ಹಜಾರದಲ್ಲಿ ತಲೆ ಅಲ್ಲಾಡಿಸಿದ. ಕೋಣೆಯಲ್ಲಿ ತುಟಿ ಚಪ್ಪರಿಸಿದ. ಅಡುಗೆಮನೆಯಲ್ಲಿ, ಮೇಷ್ಟ್ರ ಮನೆಗೆ ತಾಗಿದ ಗೋಡೆಯ ಹತ್ತಿರ ಸರಳು ಇಟ್ಟವನೇ ಕಣ್ಣು ಮುಚ್ಚಿದ.

“ಆಹಾ!” ಅಂದ.

“ಇದೆಯಾ?” ಅಂದರು ಇವರು, ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ.

“ಇದೆಯಾ ಅಂತೀರಲ್ಲ ಸಾರ್! ಗುಳುಗುಳು ಅಂತಿದೆ. ಒಲೆ ಕೆಳಗೆ. ನೆಲ ಅಗೀಬೇಕು.”

ಅದು ನಾನು ವರ್ಷಗಟ್ಟಲೆ ಕಾದು ಹೋದ ವರ್ಷವಷ್ಟೇ ಹಾಕಿಸಿದ ನೆಲ. ಬೇರೆ ದಿನವಾಗಿದ್ದರೆ ಅವರಿಬ್ಬರನ್ನೂ ಅಲ್ಲೇ ಅಗೆದು ಹೂಳುತ್ತಿದ್ದೆ. ಅವತ್ತು, ಅಪ್ಪನನ್ನು ಹಿಡಿದು ನಿಲ್ಲಿಸಲು ನೆಲ ಒಡೆಯಬೇಕೆಂದರೆ ಒಡೆಯಲಿ ಅನಿಸಿಬಿಟ್ಟಿತು. “ಬೇಗ ಒಡೀರಿ, ಬಸ್ಸಿಗೆ ಹೊತ್ತಾಗುತ್ತೆ,” ಅಂದೆ. ಅಪ್ಪ ಆಗಲೇ ಸಾಮಾನು ಕಟ್ಟಿಟ್ಟು, ಕೊನೆಯ ವಾಕಿಂಗು ಮುಗಿಸಿಕೊಂಡು ಬರುತ್ತೇನೆಂದು ಕೈಚೀಲ ಹಿಡಿದು ಹೋಗಿದ್ದರು.

ಅಗೆಯುವ ಮೊದಲು ಮನೆಯ ನೀರು ನಿಲ್ಲಿಸಬೇಕು. ಮೀಟರಿನ ಪಕ್ಕದಲ್ಲೇ ವಾಲ್ವು ಇದೆ. ಅದನ್ನು ಇಷ್ಟು ದಿನ ಯಾಕೆ ತಿರುಗಿಸಿ ನೋಡಿರಲಿಲ್ಲ ಎಂದರೆ, ನಂಬರು ಬರೆಯುವ ದಿನ ಚಂದ ಕಾಣಲಿ ಎಂದು ಇವರು ವಾಲ್ವಿಗೂ ಪೇಂಟು ಬಳಿದಿದ್ದರು, ಅದು ಅಂಟಿಕೊಂಡು ಕಲ್ಲಾಗಿತ್ತು. ಪೈಪ್ ಡಾಕ್ಟ್ರು ದೊಡ್ಡ ಸ್ಪ್ಯಾನರು ಹಾಕಿ, ಕಾಲು ಕೊಟ್ಟು, ಹಲ್ಲು ಕಚ್ಚಿ ತಿರುಗಿಸಿದ. ಕರ್ರ್ ಎಂದು ತಿರುಗಿತು.

“ನಿಂತಿತು! ಚಕ್ರ ನಿಂತಿತು!” ಎಂದು ಇವರು ಗುಂಡಿಯ ಪಕ್ಕ ಮಲಗಿದ್ದಲ್ಲಿಂದಲೇ ಕೂಗಿದರು. “ಅಂದ್ರೆ ಸೋರಿಕೆ ವಾಲ್ವಿನಿಂದ ಈಚೆಗೇ! ಮನೆ ಒಳಗೇ! ಬಾರಯ್ಯ ಬೇಗ!”

ಇಬ್ಬರೂ ಅಡುಗೆಮನೆಗೆ ಓಡಿ ಬಂದರು. ನಾನು ಸಿಂಕಿನಲ್ಲಿ ಪಾತ್ರೆಗೆ ನೀರು ಹಿಡಿಯುತ್ತಿದ್ದೆ. ಸುತ್ತಿಗೆ ಒಂದೇಟು ಬಿತ್ತು, ನನ್ನ ನೆಲದ ಒಂದು ಟೈಲು ಸೀಳಿತು.

“ರೀ,” ಅಂದೆ, “ನೀರು ನಿಲ್ಲಿಸಿದ್ದೀವಿ ಅಂದ್ರಲ್ಲ. ಬರ್ತಾನೇ ಇದೆಯಲ್ರೀ?”

“ಪೈಪಲ್ಲಿ ಉಳಿದಿರೋದಮ್ಮ,” ಅಂದ ಪೈಪ್ ಡಾಕ್ಟ್ರು. “ಈಗ ಖಾಲಿಯಾಗುತ್ತೆ.”

ಪಾತ್ರೆ ತುಂಬಿತು. ಇನ್ನೊಂದು ಪಾತ್ರೆ ಇಟ್ಟೆ, ಅದೂ ತುಂಬಿತು. ಬಕೆಟ್ ಇಟ್ಟೆ. ನಲ್ಲಿ ಭೋರ್ಗರೆಯುತ್ತಲೇ ಇತ್ತು. ಇವರು ನಲ್ಲಿಯನ್ನು ನೋಡಿದರು, ಡಾಕ್ಟ್ರು ಇವರನ್ನು ನೋಡಿದ, ಆದರೂ ಎತ್ತಿದ ಸುತ್ತಿಗೆ ಎತ್ತಿದ್ದೇ ಅಲ್ಲವೇ ಎಂದು ಇನ್ನೊಂದೇಟಿಗೆ ಸಿದ್ಧನಾದ. ಆಗ ಗೋಡೆಯೊಳಗಿಂದ ಒಂದು ದನಿ ಬಂತು.

“ಹೋಲ್ಡಾನ್!”

ಸುತ್ತಿಗೆ ಗಾಳಿಯಲ್ಲೇ ನಿಂತಿತು.

“ಯಾರು?” ಅಂದರು ಇವರು ಗೋಡೆಗೆ.

ಪೈಪ್ ಡಾಕ್ಟ್ರು ಬೆವರೊರೆಸಿಕೊಂಡು ಸರಳನ್ನು ಗೋಡೆಗೆ ಕೊಟ್ಟು ಕಿವಿ ಇಟ್ಟ. ಅಷ್ಟರಲ್ಲಿ ಎರಡನೆಯ “ಹೋಲ್ಡಾನ್!” ಬಂತು. ಅವನು ಸರಳು ಬಿಸಾಕಿ ಕಿವಿ ಹಿಡಿದುಕೊಂಡು ಕೂತೇಬಿಟ್ಟ. “ಮೂವತ್ತು ವರ್ಷದಿಂದ ಪೈಪ್ ಕೇಳ್ತಿದ್ದೀನಿ ಸಾರ್, ಮಾತಾಡಿದ್ದು ಇದೇ ಮೊದಲು!”

ನನಗೆ ಆ ದನಿ ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ನಲ್ಲಿ ನಿಲ್ಲಿಸುವುದನ್ನೂ ಮರೆತು ಬೀದಿಗೆ ಓಡಿದೆ.

ಮೇಷ್ಟ್ರ ಮನೆಯ ಬಾಗಿಲಿನಿಂದ ನಮ್ಮಪ್ಪ ಹೊರಗೆ ಬರುತ್ತಿದ್ದರು. ಸೊಂಟಕ್ಕೊಂದು ಟವೆಲ್ಲು, ತಲೆಯಿಂದ ಕಾಲಿನವರೆಗೆ ಸೋಪಿನ ನೊರೆ. ಕಣ್ಣು ಬಿಡಲಾಗದೆ ಕೈ ಮುಂದೆ ಚಾಚಿಕೊಂಡು ಬರುತ್ತಿದ್ದರು. “ಯಾವನಯ್ಯ ಅವನು ನೀರು ನಿಲ್ಲಿಸಿದವನು? ಮೈಯೆಲ್ಲ ಸೋಪು ಹಚ್ಕೊಂಡಿದ್ದೀನಿ!”

ಹಿಂದೆಯೇ ಮೇಷ್ಟ್ರು, ಕೈಯಲ್ಲಿ ಸತ್ತ ಹಾವಿನ ಹಾಗೆ ನೇತಾಡುವ ಪೈಪು. “ನಮ್ಮನೇಲಿ ನೀರೇ ಇಲ್ವಲ್ಲ, ಏನಾಯ್ತು?” ಎದುರಿನಲ್ಲಿ ದೊಡ್ಡಮ್ಮ ಕುರ್ಚಿಯನ್ನೇ ಹೊರಗೆ ಹಾಕಿಸಿಕೊಂಡರು.

ನನ್ನ ಗಂಡ ಬಂದು ನಿಂತರು. ನೊರೆ ನೋಡಿದರು, ಪೈಪು ನೋಡಿದರು, ಗುಂಡಿ ನೋಡಿದರು. “ಮಾವ... ನೀವು ಅಲ್ಲಿ...”

“ಸ್ನಾನ ಮಾಡ್ತಿದ್ದೆ,” ಅಂದರು ಅಪ್ಪ. “ದಿನಾ ಇಲ್ಲೇ ಮಾಡೋದು. ನಮ್ಮನೇಲಿ ನೀರಿನ ಪರೀಕ್ಷೆ ನಡೀತಿದೆ ಅಂದೆ, ಮೇಷ್ಟ್ರು ಬನ್ನಿ ಅಂದ್ರು. ಬಿಟ್ಟಿ ಅಲ್ಲ. ಅವರ ಹುಡುಗರು ಕಾರು ರಿವರ್ಸ್ ತಗೊಳ್ಳುವಾಗ ನಿಂತು ‘ಬರ್ಲಿ, ಬರ್ಲಿ’ ಅಂತ ಹೇಳಿಕೊಡ್ತೀನಿ. ಬಟ್ಟೇನೂ ಇಲ್ಲೇ ಒಗ್ಕೋತೀನಿ.”

ಪೈಪ್ ಡಾಕ್ಟ್ರು ಸದ್ದಿಲ್ಲದೆ ಹೋಗಿ ವಾಲ್ವು ತಿರುಗಿಸಿದ. ಮೇಷ್ಟ್ರ ಕೈಯ ಪೈಪು ಬುಸ್ ಎಂದು ಎದ್ದು ದೊಡ್ಡಮ್ಮನ ಕಡೆ ನೀರು ಚಿಮ್ಮಿಸಿತು. ಮತ್ತೆ ಮುಚ್ಚಿದ, ನಿಂತಿತು. ಇನ್ನೊಮ್ಮೆ ತಿರುಗಿಸಿದ, ಇನ್ನೊಮ್ಮೆ ಚಿಮ್ಮಿತು. ಸಾಕು ಎಂದು ಎಲ್ಲರೂ ಕೂಗಿದ ಮೇಲೆ ನಿಲ್ಲಿಸಿದ.

“ಸಾರ್,” ಅಂದ, “ನಿಮ್ಮ ನಂಬರಿರೋ ಮೀಟರು ಅವರ ಮನೇದು. ಅವರ ನಂಬರಿರೋದು ನಿಮ್ದು. ಯಾವ ಮುಟ್ಠಾಳ ಬರೆದಿದ್ದು ಈ ನಂಬರನ್ನ?”

ಇಡೀ ಬೀದಿ ಒಬ್ಬರನ್ನೇ ನೋಡಿತು.

“ಬೀದಿ ಕಡೆ ಮುಖ ಮಾಡಿ ಮಲಗಿದ್ದೆ,” ಎಂದು ಇವರು ಪಿಸುಗುಟ್ಟಿದರು. “ಹಾಗೆ ಮಲಗಿದಾಗ ಎಡ ಬಲ...”

ಮೇಷ್ಟ್ರ ಮುಖ ಇಳಿದುಹೋಯಿತು. ಅಷ್ಟೊಂದು ನೀರು ಅವರದ್ದೇ ಎಂದು ಈಗ ಅವರಿಗೆ ಹೊಳೆದಿತ್ತು. ಅವರ ಹೆಂಡತಿ ಒಳಗಿನಿಂದ, “ನಮ್ಮ ಫ್ಲಶ್ ಟ್ಯಾಂಕು ಯಾವಾಗ್ಲೂ ಗುಳುಗುಳು ಅನ್ನುತ್ತೆ ಅಂತ ನಾನು ಬಡ್ಕೊಂಡೆ, ಸಂಗೀತ ಕೇಳಿದ ಹಾಗಿದೆ ಅಂದ್ರಲ್ಲ!” ಎಂದು ಶುರುಮಾಡಿದರು. ಪೈಪ್ ಡಾಕ್ಟ್ರು ಎದೆಯುಬ್ಬಿಸಿದ. “ನೋಡಿ, ಗುಳುಗುಳು ಅಂತ ನಾನು ಹೇಳಿದ್ದೆ. ಗೋಡೆ ಒಂದು ಹೆಚ್ಚು ಕಮ್ಮಿ ಆಯ್ತು, ಅಷ್ಟೇ.”

ಅವರೆಲ್ಲ ಅವರವರ ಮಾನದ ಲೆಕ್ಕದಲ್ಲಿದ್ದರು. ನನಗೆ ಕಾಣುತ್ತಿದ್ದುದು ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನಿಂತ ಅಪ್ಪ ಒಬ್ಬರೇ. ನೊರೆ ಒಣಗಿ ಬೆಳ್ಳಗೆ ಅಂಟುತ್ತಿತ್ತು.

“ಅಪ್ಪಾ,” ಅಂದೆ, “ಇಷ್ಟು ದಿನ ಪಕ್ಕದ ಮನೇಲಿ ಸ್ನಾನ ಮಾಡಿದ್ದೀಯ. ನನ್ನ ಹತ್ರ ಒಂದು ಮಾತು ಹೇಳ್ಬಾರ್ದಾಗಿತ್ತಾ? ನಾನು ಯಾರು ನಿನಗೆ?” ಬೀದಿ ಎನ್ನುವುದನ್ನೂ ನೋಡದೆ ಅತ್ತುಬಿಟ್ಟೆ. ನನಗೆ ಗಂಡನ ಮೇಲೆ ಕೋಪ, ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು ಕೋಪ.

ಅಪ್ಪ ಹುಬ್ಬಿನ ಮೇಲೆ ಒಣಗಿದ ನೊರೆ ಒರೆಸಿಕೊಂಡರು. “ಹೇಳಿದ್ರೆ ನೀನು ಗಂಡನ ಜೊತೆ ಜಗಳ ಆಡ್ತಿದ್ದೆ. ನನ್ನಿಂದ ಅದಾಗಬಾರ್ದು ಅಂತ. ಬಿಡು, ಬಸ್ಸಿಗೆ ಹೊತ್ತಾಯ್ತು. ಮೇಷ್ಟ್ರೆ, ನೀರು ಬಿಡಿಸಿ, ತೊಳ್ಕೊಂಡು ಹೊರಡ್ತೀನಿ.”

“ಬೇಡ ಮಾವ,” ಅಂದರು ನನ್ನ ಗಂಡ. “ನಮ್ಮನೇಗೆ ಬನ್ನಿ.”

“ಯಾಕೆ ಸುಮ್ನೆ, ನಿಮ್ಮ ಮೀಟರು ಓಡೋದು ಬೇಡ ಅಳಿಯಂದ್ರೆ.”

ಇವರ ಮುಖ ಕೆಂಪಾಯಿತು, ಬೆಳ್ಳಗಾಯಿತು. ತಟ್ಟನೆ ತಿರುಗಿ ಮನೆಯೊಳಗೆ ಓಡಿದರು. ಒಳಗಿನಿಂದ ಸದ್ದು ಶುರುವಾಯಿತು. ಅಡುಗೆಮನೆಯ ನಲ್ಲಿ ಮೊದಲೇ ಹರಿಯುತ್ತಿತ್ತು, ಈಗ ಬಚ್ಚಲಿನ ನಲ್ಲಿ, ಷವರು, ಹಿತ್ತಲಿನ ನಲ್ಲಿ, ಒಂದೊಂದಾಗಿ ಭೋರ್ ಎನ್ನತೊಡಗಿದವು. ಬಕೆಟ್ ತುಂಬಿ ಚೆಲ್ಲುವ ಸದ್ದು ಬೀದಿಗೆ ಕೇಳಿಸಿತು. ಹಲ್ಲುಜ್ಜುವವರ ಕಿಟಕಿಯ ಕೆಳಗೆ ಕೆಮ್ಮುತ್ತಿದ್ದ ವಾಟರ್ ಸಾಹೇಬ್ರು ಕಿಟಕಿಯಿಂದ ತಲೆ ಹೊರಗೆ ಹಾಕಿದರು, ಅಂಗಿಯೆಲ್ಲ ತೊಪ್ಪೆ.

“ಎಲ್ಲಾ ಬಿಟ್ಟಿದ್ದೀನಿ ಮಾವ! ನೀವು ಬಂದು ಸ್ನಾನ ಮಾಡೋ ತನಕ ಒಂದೂ ನಿಲ್ಲಿಸಲ್ಲ! ಮೀಟರು ಬೇಕಾದ್ರೆ ಹಾರಿ ಹೋಗ್ಲಿ!”

ಅಪ್ಪ ಟವೆಲ್ಲು ಬಿಗಿ ಹಿಡಿದು ನಮ್ಮ ಗೇಟಿನೊಳಗೆ ನುಗ್ಗಿದರು. “ಏನ್ರೀ ಇದು! ತಲೆ ಕೆಟ್ಟಿದೆಯಾ ನಿಮ್ಗೆ? ನೀರು ಅಂದ್ರೆ ಏನು ಅಂದ್ಕೊಂಡಿದ್ದೀರಿ! ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡ್ವಾ?” ಹಿತ್ತಲಿನ ನಲ್ಲಿ ನಿಂತಿತು. “ಬಕೆಟ್ ಹೀಗಾ ಇಡೋದು?” ಅಡುಗೆಮನೆಯದು ನಿಂತಿತು. “ಅಯ್ಯೋ, ಈ ನೆಲ ಒಡೆದ ಪುಣ್ಯಾತ್ಮ ಯಾರು? ನನ್ನ ಮಗಳು ಎಷ್ಟು ಆಸೆಪಟ್ಟು ಹಾಕ್ಸಿದ್ದು ಗೊತ್ತಾ ನಿಮ್ಗೆ? ಬಾಯಿಬಿಡ್ರೀ!” ಬಂದ ದಿನದಿಂದ ನಮ್ಮ ಮನೆಯಲ್ಲಿ ಲೋಟ ಕೆಳಗಿಡುವಾಗಲೂ ಸದ್ದು ಮಾಡದ ಮನುಷ್ಯ ಬಸ್ಸು ತುಂಬಾ ಕೇಳಿಸುವ ದನಿಯಲ್ಲಿ ಬೈಯುತ್ತಿದ್ದರು. ನನ್ನ ಗಂಡ ಹಿಂದೆ ಹಿಂದೆ, “ಹೌದು ಮಾವ, ತಪ್ಪಾಯ್ತು ಮಾವ” ಅನ್ನುತ್ತಿದ್ದರು. ಕೊನೆಗೆ ಉಳಿದದ್ದು ಬಚ್ಚಲಿನ ನಲ್ಲಿ. ಆ ಬಾಗಿಲು ದಢಾರ್ ಎಂದು ಮುಚ್ಚಿತು. ಆಮೇಲೆ ಚೆಂಬಿನಿಂದ ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಬಂತು. ನಾವಿಬ್ಬರೂ ಒದ್ದೆ ಹಜಾರದಲ್ಲಿ ಗೋಡೆಗೊರಗಿ ನಿಂತು ಕೇಳಿಸಿಕೊಂಡೆವು. ಆ ಹೊತ್ತಿನಲ್ಲೇ ಮಧ್ಯಾಹ್ನದ ಬಸ್ಸು ಹೋಗಿರಬೇಕು.

ಬಾಗಿಲು ತೆರೆಯಿತು. ಅಪ್ಪ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು.

“ನಾಳೆಯಿಂದ ಬೆಳಿಗ್ಗೆ ಬಚ್ಚಲಿಗೆ ಮೊದಲು ನಾನು. ಆಮೇಲೆ ನೀವು.”

“ಆಗ್ಲಿ ಮಾವ,” ಅಂದರು ನನ್ನ ಗಂಡ.